ತಟ್ಟೆ ಬದಲಿಸಿ ತೂಗಿದ್ದು

ನವೆಂಬರ್ ೧೨

ಮಾವನವರಿಗೂ ಅತ್ತೆಯವರಿಗೂ ನಮಸ್ಕಾರ.

‘ಕ್ಷೇಮ’ ಎಂದು ಬರೆಯಲು ಹೋಗಿ ಪೆನ್ನು ನಿಂತುಬಿಟ್ಟಿತು. ಇಷ್ಟು ವರ್ಷ ಕಾಗದ ಬರೆಯುತ್ತಿದ್ದವಳು ನಿಮ್ಮ ಮಗಳು. ನಾನು ಕೊನೆಯಲ್ಲಿ ಸಹಿ ಹಾಕುವವನು, ಅಷ್ಟೆ. ಏನಾದರೂ ತಪ್ಪು ಬರೆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆ ದಿನ ನಿಮ್ಮ ಬೀದಿಯ ಪೇಪರ್ ಅಂಗಡಿಯ ಫೋನಿಗೆ ನಿಮ್ಮನ್ನು ಕರೆಸಿ ಸುದ್ದಿ ಹೇಳಿದೆ. ನೀವು ‘ಹೂಂ’ ಅಂದಿರಿ. ಇನ್ನೊಂದು ಸಲ ‘ಹೂಂ’ ಅಂದು ಫೋನ್ ಇಟ್ಟಿರಿ. ನಾನು ಪೂರ್ತಿ ಹೇಳಿರಲಿಲ್ಲ. ಜ್ವರ ಎದೆಗೆ ಇಳಿದಿತ್ತು. ಅವಳು ಇಸ್ತ್ರಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಮಲಗಿಸಿದೆವು. ಕೆಳಗೆ ಅವಳ ಜೊತೆಯವರು ಚಾದರ ಒಗೆಯುತ್ತಿದ್ದರು, ಮೇಲೆ ಇವಳು ಅದೇ ಚಾದರದ ಮೇಲೆ ಮಲಗಿದ್ದಳು. ಅಂಚು ಮುಟ್ಟಿ ನೋಡಿ, “ಇದು ನಾನು ಮಾಡಿದ ಇಸ್ತ್ರಿ ಅಲ್ಲ ಕಣ್ರೀ, ಮಡಿಕೆ ಸೊಟ್ಟ ಇದೆ” ಅಂದಳು. ಅವಳು ನನ್ನನ್ನು ನಗಿಸಿದ್ದು ಅದೇ ಕೊನೆ.

ಬೆಂಕಿಗೆ ಕೊಟ್ಟ ದಿನ ಅವಳ ಜೊತೆಯ ಹೆಂಗಸರೆಲ್ಲ ಬಂದರು. ಬಿಳಿ ಗೋಡೆಯ ಒಂದು ಕೋಣೆ, ಸಾಲು ಕುರ್ಚಿ. ಯಾರೂ ಅಳಲಿಲ್ಲ. ಒಬ್ಬರೂ ನನ್ನ ಹತ್ತಿರ ಬಂದು ಒಂದು ಮಾತು ಆಡಲಿಲ್ಲ. ತಲೆ ತಗ್ಗಿಸಿ ನಿಂತರು, ಹೋದರು. ಅಷ್ಟು ಜನ ಸುಮ್ಮನಿರುವಾಗ ನಾನೊಬ್ಬ ಅಳುವುದು ಹೇಗೆ? ನಾನೂ ತಲೆ ತಗ್ಗಿಸಿ ನಿಂತೆ.

ಬೂದಿಯನ್ನು ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ಕೊಟ್ಟಿದ್ದಾರೆ. ಬೀದಿ ಕಡೆಯ ಕಿಟಕಿಯ ಹತ್ತಿರ ಹಲಗೆಯ ಮೇಲೆ ಇಟ್ಟಿದ್ದೇನೆ. ಏನು ಮಾಡಬೇಕು, ನೀವೇ ಹೇಳಿ.

ಗಾಜು ಕೂರಿಸುವ ಕೆಲಸಕ್ಕೆ ಹೋಗಿ ಹಿಂದಿನ ಬಾಗಿಲಿನಿಂದ ಮೆಟ್ಟಿಲು ಹತ್ತಿ ಬರುತ್ತೇನೆ. ದೀಪ ಹಾಕಲು ಮನಸ್ಸಾಗುವುದಿಲ್ಲ, ಕತ್ತಲಲ್ಲೇ ಸ್ವಲ್ಪ ಹೊತ್ತು ಕೂರುತ್ತೇನೆ. ಎದುರುಗಡೆ ಪಾದಚಾರಿ ದಾರಿಯಲ್ಲಿ ತಗಡಿನ ಮಾಡಿನ ಕೆಳಗೆ ಒಂದು ಬೆಂಚಿದೆ. ದಿನಾ ಯಾರಾದರೊಬ್ಬರು ಬಸ್ಸಿಗೆ ಕಾಯುತ್ತ ಕೂತಿರುತ್ತಾರೆ. ಅವರನ್ನು ಕಂಡರೆ ಹೊಟ್ಟೆಕಿಚ್ಚು. ಹೋಗಿ ಸೇರಲು ಅವರಿಗೊಂದು ಮನೆ ಇದೆಯಲ್ಲ ಅಂತ.

ಇಂತಿ,
ನಿಮ್ಮ ಅಳಿಯ

ಡಿಸೆಂಬರ್ ೩

ಅಳಿಯಂದಿರಿಗೆ ಆಶೀರ್ವಾದ.

ನಿಮ್ಮ ಕಾಗದ ಪೋಸ್ಟಿನವನು ದಾರಿಯಲ್ಲೇ ನನ್ನ ಕೈಗೆ ಕೊಟ್ಟ, ಒಳ್ಳೆಯದಾಯಿತು. ಮುಂದೆ ನನ್ನ ತಕ್ಕಡಿ ರಿಪೇರಿ ಅಂಗಡಿಯ ವಿಳಾಸಕ್ಕೇ ಬರೆಯಿರಿ. ಮನೆಗೆ ಬೇಡ. ನಿಮ್ಮ ಅತ್ತೆಗೆ ಈಗ ಕಾಗದ ನೋಡುವ ಚೈತನ್ಯವಿಲ್ಲ.

ಯಾರೂ ಅಳಲಿಲ್ಲ ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಇಲ್ಲಿ ಏನಾಯಿತು ಗೊತ್ತೇ? ಸುದ್ದಿ ಕೇಳಿದ್ದೇ ಬೀದಿಗೆ ಬೀದಿಯೇ ನಮ್ಮ ಬಾಗಿಲಿಗೆ ಬಂತು. ಪೇಪರ್ ಅಂಗಡಿಯವನು ಅಂಗಡಿ ಬಾಗಿಲು ಎಳೆದು, “ನಾನು ಎತ್ತಿ ಆಡಿಸಿದ ಕೂಸು” ಅಂತ ಗೋಡೆಗೆ ತಲೆ ಚಚ್ಚಿಕೊಂಡ. ಹೆಂಗಸರು ನಿಮ್ಮ ಅತ್ತೆಯನ್ನು ಒಂದು ಗಳಿಗೆ ಬಿಟ್ಟು ಕದಲಲಿಲ್ಲ. ಒಬ್ಬಳು ತಲೆ ಒತ್ತುವವಳು, ಒಬ್ಬಳು ನೀರು ಕುಡಿಸುವವಳು. ನಮ್ಮೊಂದಿಗೆ ಮಾತು ಬಿಟ್ಟಿದ್ದ ಪಕ್ಕದ ಮನೆಯವನೂ ಬಂದು ನನ್ನ ಕೈ ಹಿಡಿದು ಮಗುವಿನ ಹಾಗೆ ಅತ್ತ. ಇದಕ್ಕೇ ನಾನು ಆತ್ಮ ಅನ್ನುವುದು. ನಿಮ್ಮ ಆ ಊರಲ್ಲಿ ರಸ್ತೆ ನುಣ್ಣಗಿರಬಹುದು, ನಲ್ಲಿಯಲ್ಲಿ ಬಿಸಿನೀರು ಬರಬಹುದು. ಸತ್ತವರಿಗಾಗಿ ನಾಲ್ಕು ಹನಿ ಬರದ ಮೇಲೆ ಅದು ಬಡವರ ದೇಶ.

ಗುಂಜಿಗೂ ನನಗೂ ಇದೇ ಜಗಳ, ನಿಮಗೆ ಗೊತ್ತಲ್ಲ. ಪ್ರತಿ ಕಾಗದದ ಕೊನೆಯಲ್ಲಿ ತೂಗುತ್ತಿದ್ದೆವು: ಯಾವ ದೇಶದ ಆತ್ಮ ಭಾರ, ಯಾವುದು ಹಗುರ. ನಾನು ಒಂದು ಹೇಳಿದರೆ ಅವಳು ಒಂದು ಹೇಳುವವಳು. “ಈ ಸಲ ಮುಳ್ಳು ನನ್ನ ಕಡೆ ಅಪ್ಪಾ, ಸೋತೆ ಅಂತ ಬರಿ” ಅನ್ನುವವಳು. ಆಟ ಮುಗಿಯಿತು. ಗೆದ್ದದ್ದು ನಾನು. ಗೆದ್ದು ಏನು ಬಂತು.

ಅವಳನ್ನು ಆ ಬರಡು ನೆಲದಲ್ಲಿ ಬಿಡಬೇಡಿ. ಕರೆದುಕೊಂಡು ಬನ್ನಿ. ಅವಳಿಗಾಗಿ ಅಳುವವರು ಇರುವ ಕಡೆ ಅವಳು ಇರಬೇಕು.

ನಿಮ್ಮ ಮಾವ

ಡಿಸೆಂಬರ್ ೨೯

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ನಾಚಿಕೆಯಾಯಿತು. ಆ ಬಿಳಿ ಕೋಣೆಯಲ್ಲಿ ನಿಂತವರಲ್ಲಿ ನಾನೂ ಒಬ್ಬ. ಅತ್ತೆಯವರ ಸುತ್ತ ಅಷ್ಟು ಜನರಿದ್ದರು ಎಂದು ಓದಿದಾಗ ಮಾತ್ರ ಸ್ವಲ್ಪ ಉಸಿರು ಬಂತು. ನನ್ನ ಪಾಲಿನದನ್ನೂ ಅಲ್ಲಿ ಯಾರೋ ಅತ್ತಿರಬೇಕು ಅಂದುಕೊಂಡೆ.

ನೀವು ಹೇಳಿದ್ದೇ ಸರಿ. ಹೋದ ವಾರ ಇಸ್ತ್ರಿ ವಿಭಾಗದ ಮೇಲ್ವಿಚಾರಕಿ ಬಂದಿದ್ದರು. ನಿಮ್ಮ ಮಗಳು ಅವರಿಗೆ ‘ಬೀರು’ ಅಂತ ಹೆಸರಿಟ್ಟಿದ್ದಳು. ಬಟ್ಟೆ ಬೀರುವಿನಷ್ಟು ಅಗಲ, ಅಷ್ಟೇ ಮೌನ. ಬಾಗಿಲು ತೆರೆದೆ. ಅವಳ ಕೈಚೀಲ, ಕೆಲಸದ ಚಪ್ಪಲಿ, ತೊಳೆದು ಇಸ್ತ್ರಿ ಮಾಡಿದ ಏಪ್ರನ್ ನನ್ನ ಕೈಗಿಟ್ಟರು. ಏನೋ ಹೇಳಲು ಬಾಯಿ ತೆರೆದರು. ನನಗೆ ಅವರ ಭಾಷೆ ಅಷ್ಟಕ್ಕಷ್ಟೆ. ಅಳದವರ ಮಾತು ನನಗೆ ಬೇಕಾಗಿಯೂ ಇರಲಿಲ್ಲ. “ಯಾರೂ ಬರಬೇಡಿ, ದಯವಿಟ್ಟು” ಅಂದು ಬಾಗಿಲು ಹಾಕಿದೆ. ಅವರು ಇಳಿದು ಹೋಗುವ ಸದ್ದು ಬಹಳ ಹೊತ್ತು ಬರಲಿಲ್ಲ. ಬಾಗಿಲ ಹಿಂದೆಯೇ ನಿಂತಿದ್ದರೇನೋ.

ಮಾರ್ಚಿಯಲ್ಲಿ ರಜೆ ಸಿಗುತ್ತದೆ. ಅವಳನ್ನು ಕರೆತರುತ್ತೇನೆ.

ಒಂದು ಕೇಳಬೇಕಿತ್ತು. ಅವಳು ಕೆಲಸ ಮಾಡುತ್ತ ಒಬ್ಬಳೇ ಗೊಣಗುತ್ತಿದ್ದಳು, ನಾನು ಯಾರನ್ನಾದರೂ ಬೈದರೆ ಮೂಗು ಮುರಿದು, “ತಟ್ಟೆ ಬದಲಿಸಿ ತೂಗ್ರೀ” ಅನ್ನುತ್ತಿದ್ದಳು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಏನದು?

ಅತ್ತೆಯವರಿಂದ ಒಂದು ಸಾಲು ಬರೆಸಿ ಕಳಿಸಿ. ಅವರ ಅಕ್ಷರ ನೋಡಬೇಕು ಅನ್ನಿಸುತ್ತಿದೆ.

ನಿಮ್ಮ ಅಳಿಯ

ಜನವರಿ ೨೪

ಅಳಿಯಂದಿರಿಗೆ ಆಶೀರ್ವಾದ.

ನಿಮ್ಮ ಅತ್ತೆಗೆ ಕೈನೋವು. ಬರೆಯಲಾಗುವುದಿಲ್ಲ.

ನೀವು ಕೇಳಿದ್ದು ನಮ್ಮ ಕಸುಬಿನ ಮಾತು. ಅಂಗಡಿಯವರು ರಿಪೇರಿಗೆ ತಕ್ಕಡಿ ತಂದಾಗ ನಾನು ಮೊದಲು ಖಾಲಿ ಎತ್ತಿ ಹಿಡಿಯುತ್ತೇನೆ. ಮುಳ್ಳು ನೆಟ್ಟಗೆ ನಿಂತರೆ ನೋಡಿದವರಿಗೆ ಸರಿಯಾಗಿದೆ ಅನ್ನಿಸುತ್ತದೆ. ಅಷ್ಟಕ್ಕೇ ನಂಬಬಾರದು. ಎಡತಟ್ಟೆಗೆ ಸಾಮಾನು, ಬಲತಟ್ಟೆಗೆ ಕಲ್ಲು ಹಾಕಿ ತೂಗಿ, ಆಮೇಲೆ ಸಾಮಾನನ್ನು ಬಲಕ್ಕೆ, ಕಲ್ಲನ್ನು ಎಡಕ್ಕೆ ಬದಲಿಸಿ ಇನ್ನೊಂದು ಸಲ ತೂಗಬೇಕು. ಕೋಲಿನ ಒಂದು ಕೈ ಉದ್ದವಿದ್ದರೆ ಆಗ ಸಿಕ್ಕಿಬೀಳುತ್ತದೆ. ಗುಂಜಿ ಅಂಗಡಿಯ ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡಿ ಬೆಳೆದವಳು. ಹುಟ್ಟಿದಾಗ ಗುಲಗಂಜಿಯಷ್ಟಿದ್ದಳು, ಬಾಯಿ ಮಾತ್ರ ಮಣಭಾರ. ಗಿರಾಕಿಗೂ ನನಗೂ ಮಾತು ಬೆಳೆದರೆ ಮೂಲೆಯಿಂದ, “ಅಪ್ಪಾ, ತಟ್ಟೆ ಬದಲಿಸು” ಅಂತ ಕೂಗುವಳು. ಅವನು ನಗುತ್ತ ಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿ.

ಕೊನೆಯ ಕಾಗದದಲ್ಲೂ ಅದೇ. ಯಾರಾದರೂ ತೀರಿಕೊಂಡ ಹಾಸಿಗೆಯ ಚಾದರ ಬಂದರೆ ಆ ಹೆಂಗಸರು ಯಂತ್ರಕ್ಕೆ ಹಾಕದೆ ಕೈಯಲ್ಲೇ ಒಗೆಯುತ್ತಾರಂತೆ, ಹಾಗೆ ಮಾಡಿ ಅಂತ ಯಾರೂ ಹೇಳಿಲ್ಲವಂತೆ. “ಇದನ್ನ ಎಲ್ಲಿ ಹಾಕ್ತೀಯ ಅಪ್ಪಾ, ಯಾವ ತಟ್ಟೆಗೆ?” ಅಂತ ಕೇಳಿದ್ದಳು. ಬಟ್ಟೆ ಒಗೆಯುವುದು ಕೂಲಿ ಕೆಲಸ, ಅದಕ್ಕೂ ಆತ್ಮಕ್ಕೂ ಏನು ಸಂಬಂಧ ಎಂದು ಉತ್ತರ ಬರೆದಿದ್ದೆ. ಅದು ಅವಳ ಕೈ ಸೇರಿತೋ ಇಲ್ಲವೋ.

ಈಗ ಬದಲಿಸಿ ತೂಗುವುದಕ್ಕೆ ಏನೂ ಉಳಿದಿಲ್ಲ. ಮಾರ್ಚಿಯಲ್ಲಿ ಬನ್ನಿ. ಪೇಪರ್ ಅಂಗಡಿಗೆ ಫೋನ್ ಮಾಡಬೇಡಿ, ಆ ಲೈನು ಸರಿಯಿಲ್ಲ.

ನಿಮ್ಮ ಮಾವ

ಫೆಬ್ರವರಿ ೨೦

ಮಾವನವರಿಗೆ ನಮಸ್ಕಾರ.

ನಿನ್ನೆ ಒಂದು ಸಂಗತಿ ನಡೆಯಿತು.

ಸಂಜೆ ಜೋರು ಮಳೆ. ಕೆಲಸ ಬೇಗ ಬಿಟ್ಟರು. ಹಿಂದಿನ ಗೇಟಿನ ಹತ್ತಿರ ನೀರು ನಿಂತಿದ್ದರಿಂದ ಅಪರೂಪಕ್ಕೆ ಮುಂದಿನ ಬೀದಿಯಿಂದ ಬಂದೆ. ಆ ಬೆಂಚಿನ ಮೇಲೆ ‘ಬೀರು’ ಕೂತಿದ್ದರು. ತಗಡಿನ ಮಾಡು ಸೋರುತ್ತಿತ್ತು. ಅವರು ಕೊಡೆಯನ್ನು ಹಿಂದಕ್ಕೆ ವಾಲಿಸಿ, ಮುಖಕ್ಕೆ ನೀರು ಬಡಿದರೂ ತಲೆಯೆತ್ತಿ ನನ್ನ ಕಿಟಕಿಯನ್ನೇ ನೋಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ.

“ಬಸ್ಸು ಬರಲಿಲ್ವಾ?” ಅಂದೆ, ಬಂದಷ್ಟು ಭಾಷೆಯಲ್ಲಿ.

ಬೆಚ್ಚಿಬಿದ್ದರು. ಕಳ್ಳತನ ಸಿಕ್ಕಿಬಿದ್ದವರ ಹಾಗೆ ಎದ್ದು ನಿಂತರು. “ಇಲ್ಲಿ ಬಸ್ಸು ಬರಲ್ಲ. ನಿಲ್ಲಿಸಿ ಎಷ್ಟೋ ವರ್ಷ ಆಯ್ತು.”

“ಮತ್ತೆ?”

“ನಿಮ್ಮ ದೀಪ ಹತ್ತಲಿ ಅಂತ.”

ನನಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಕೇಳಿದೆ. ಅವರು ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದರು. ಬೆಂಕಿಗೆ ಕೊಟ್ಟ ದಿನದಿಂದ ಇಸ್ತ್ರಿ ವಿಭಾಗದ ಹೆಂಗಸರು ಸರದಿ ಹಾಕಿಕೊಂಡಿದ್ದಾರೆ. ಕೆಲಸ ಮುಗಿಸಿ ಮನೆಗೆ ಹೋಗುವ ಮುಂಚೆ ದಿನಕ್ಕೊಬ್ಬರು ಇಲ್ಲಿ ಬಂದು ಕೂರುವುದು. ನನ್ನ ಕಿಟಕಿಯಲ್ಲಿ ದೀಪ ಕಂಡ ಮೇಲೆ ಎದ್ದು ಹೋಗುವುದು. “ಮೇಲೆ ಬರಬೇಡಿ ಅಂದ್ರಲ್ಲ ನೀವು. ಇಲ್ಲಿ ಕೂರಬೇಡಿ ಅನ್ನಲಿಲ್ಲ” ಅಂದರು. ಆಮೇಲೆ ಸ್ವಲ್ಪ ನಕ್ಕರು. “ಒಂದೊಂದು ದಿನ ಬಹಳ ತಡ ಮಾಡ್ತೀರಿ. ನಮ್ಮಲ್ಲಿ ಒಬ್ಬಳಿಗೆ ಶೀತವೇ ಆಗಿಹೋಯ್ತು.”

ಮಾವ, ನಾನು ಕತ್ತಲಲ್ಲಿ ಕೂತು ಇವರನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಿದ್ದೆ. ನಾನು ದೀಪ ಹಾಕದೆ ಕೂತಷ್ಟು ಹೊತ್ತೂ ಅವರು ಚಳಿಯಲ್ಲಿ ಕೂತಿದ್ದರು. ಅವರ ಮನೆಗಳಲ್ಲೂ ಮಕ್ಕಳು ಊಟಕ್ಕೆ ಕಾಯುತ್ತಿದ್ದಿರಬೇಕು.

ರಸ್ತೆಯ ಮಧ್ಯದಲ್ಲೇ ದನಿ ತೆಗೆದು ಅತ್ತುಬಿಟ್ಟೆ. ಅವರು ಅಳಲಿಲ್ಲ, ಮುಟ್ಟಲೂ ಇಲ್ಲ. ಕೊಡೆಯನ್ನು ಪೂರ್ತಿ ನನ್ನ ಕಡೆಗೆ ಹಿಡಿದು ತಾವು ನೆನೆದರು.

ಕೋಪ ಮಾಡಿಕೊಳ್ಳಬೇಡಿ. ಅವಳನ್ನು ಇಲ್ಲಿಂದ ತೆಗೆದುಕೊಂಡು ಬರುವುದು ಸರಿಯೇ ಎಂದು ಈಗ ಅನುಮಾನವಾಗುತ್ತಿದೆ. ಸ್ವಲ್ಪ ಕಾಲ ಕೊಡಿ.

ನಿಮ್ಮ ಅಳಿಯ

ಮಾರ್ಚಿ ೧೦

ಅಳಿಯಂದಿರಿಗೆ,

ಕಾಗದ ತಲುಪಿತು.

ಬೆಂಚಿನ ಮೇಲೆ ಕೂತು ಎದ್ದುಹೋಗುವುದು ದುಃಖವಾದರೆ ರೈಲ್ವೆ ಸ್ಟೇಷನ್ನಿನಲ್ಲಿರುವವರೆಲ್ಲ ಸಂತರು. ಇಲ್ಲಿ ಒಂದು ಬೀದಿ ಅತ್ತಿದೆ. ಹಡೆದವಳು ಇಲ್ಲಿದ್ದಾಳೆ. ದೂರದ ಬೆಟ್ಟ ನುಣ್ಣಗೆ ಅಂತಾರೆ. ನಿಮಗೆ ಈಗ ಆ ಬೆಟ್ಟ ದೂರವೂ ಅಲ್ಲ, ಅದರ ಮೇಲೇ ಕೂತು ನುಣ್ಣಗಿದೆ ಅನ್ನುತ್ತಿದ್ದೀರಿ.

ನಾನು ಬದುಕೆಲ್ಲ ತೂಗಿದವನು. ನನಗೆ ತೂಕ ಕಲಿಸಬೇಡಿ. ಅವಳನ್ನು ಕರೆದುಕೊಂಡು ಬನ್ನಿ. ಬರುವುದಿಲ್ಲವಾದರೆ ಕಾಗದವೂ ಬೇಡ.

ಮಾವ

ಏಪ್ರಿಲ್ ೨

ಮಾವನವರಿಗೆ ನಮಸ್ಕಾರ.

ಬೇಡವೆಂದರೂ ಬರೆಯುತ್ತಿದ್ದೇನೆ.

ನಿಮ್ಮ ಕಾಗದ ಓದಿ ತಡೆಯಲಾರದೆ ನಿನ್ನೆ ಪೇಪರ್ ಅಂಗಡಿಗೆ ಫೋನ್ ಮಾಡಿದೆ. ನಿಮ್ಮನ್ನು ಕರೆಸಿ ಕ್ಷಮೆ ಕೇಳಿ, ಹೊರಡುವ ದಿನ ಹೇಳೋಣ ಅಂತ. ಲೈನು ಚೆನ್ನಾಗಿಯೇ ಇತ್ತು, ಅಂಗಡಿಯವರೇ ಎತ್ತಿದರು.

“ಓಹೋ ಅಳಿಯಂದಿರಾ! ಬದುಕಿದ್ದೀರಾ? ಎಲ್ಲಿ ನಮ್ಮ ಗುಂಜಿ? ಕೊಡಿ ಅವಳ ಕೈಗೆ ಫೋನು, ನಾಲ್ಕು ಬೈಬೇಕು. ಕಾಗದ ಇಲ್ಲ, ಕತೆ ಇಲ್ಲ! ಅವರಮ್ಮ ದಿನಾ ಪೋಸ್ಟಿನವನ ದಾರಿ ನೋಡ್ತಾ ಮೆಟ್ಟಿಲ ಮೇಲೆ ಕೂತಿರ್ತಾರೆ. ನಿಮ್ಮ ಮಾವನೋ, ಮುಖಕ್ಕೆ ಬೀಗ ಹಾಕ್ಕೊಂಡಿದಾರೆ. ಅಲ್ರೀ, ಅಪ್ಪ ಮಗಳಿಗೆ ಜಗಳ ಗಿಗಳ ಆಗಿದ್ಯಾ?”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಇದ್ದೀರಾ? ಹೇಗಿದ್ದಾಳೆ ಅವಳು?”

“ಚೆನ್ನಾಗಿದ್ದಾಳೆ” ಅಂದೆ. “ಕೆಲಸಕ್ಕೆ ಹೋಗಿದ್ದಾಳೆ.”

“ಮಾವನ್ನ ಕರೀಲಾ?”

“ಬೇಡ. ಸುಮ್ನೆ ಮಾಡಿದೆ.”

‘ಚೆನ್ನಾಗಿದ್ದಾಳೆ’ ಅನ್ನುವಾಗ ನನಗೆ ಸುಳ್ಳು ಅನ್ನಿಸಲೇ ಇಲ್ಲ. ಫೋನಿನ ಆ ತುದಿಯಲ್ಲಿ ಅವಳು ನಿಜವಾಗಿಯೂ ಕೆಲಸಕ್ಕೆ ಹೋಗಿದ್ದಳು, ಸಂಜೆ ವಾಪಸ್ಸು ಬರುವವಳಿದ್ದಳು. ಎಂಥ ಹಗುರ ಮಾವ ಅದು! ಅದನ್ನು ಬಿಟ್ಟುಕೊಡಲು ನನಗೇ ಮನಸ್ಸು ಬರಲಿಲ್ಲ. ನಿಮಗೆ ಹೇಗೆ ಬಂದೀತು.

ಆ ಬೀದಿಯ ಅಷ್ಟೂ ಜನರ ಅಳುವನ್ನು ನೀವೊಬ್ಬರೇ ಕೂತು ಬರೆದಿರಲ್ಲ. ಗೋಡೆಗೆ ತಲೆ ಚಚ್ಚಿಕೊಂಡವರೂ ನೀವೇ, ಮಗುವಿನ ಹಾಗೆ ಅತ್ತವರೂ ನೀವೇ. ನನಗೆ ಸಿಟ್ಟು ಬರಲಿಲ್ಲ. ಈ ಸಲ ನಾನು ನಿಮ್ಮ ತಟ್ಟೆಯಲ್ಲಿ ಕೂತು ನೋಡಿದ್ದೇನೆ.

ಇನ್ನು ನೀವು ಹೇಳಿದಂತೆ. ಬಾ ಅಂದರೆ ನಾಳೆಯೇ ಹೊರಡುತ್ತೇನೆ. ಒಂದೇ ಒಂದು ಬೇಡಿಕೆ. ಅತ್ತೆಯವರಿಗೆ ನನ್ನ ಕೈಯಲ್ಲಿರುವ ಡಬ್ಬಿ ನೋಡಿ ತಿಳಿಯಬಾರದು.

ನಿಮ್ಮ ಅಳಿಯ

ಜೂನ್ ೮

ಮಗನೇ,

ಅಳಿಯಂದಿರು ಅಂತ ಬರೆದು ಹೊಡೆದುಹಾಕಿದೆ. ಎರಡು ತಿಂಗಳು ನಿನಗೆ ಉತ್ತರವಿಲ್ಲ. ದಿನಾ ಇವತ್ತು ಅವಳಿಗೆ ಹೇಳಿ ನಾಳೆ ನಿನಗೆ ಬರೆಯುತ್ತೇನೆ ಅಂದುಕೊಳ್ಳುತ್ತಿದ್ದೆ.

ನೀನು ಸುದ್ದಿ ಹೇಳಿದ ದಿನ ಫೋನ್ ಇಟ್ಟಾಗ ಪೇಪರ್ ಅಂಗಡಿಯವನು, “ಏನಂತೆ?” ಅಂದ. “ಚೆನ್ನಾಗಿದ್ದಾರಂತೆ” ಅಂದೆ. ನಿನ್ನ ಬಾಯಿಗೆ ಬಂದದ್ದೇ ನನ್ನ ಬಾಯಿಗೂ ಬಂದಿತ್ತು ನೋಡು. ಮನೆಗೆ ಬಂದರೆ ನಿನ್ನ ಅತ್ತೆ, “ಗುಂಜಿ ಕಾಗದ ಬಂತಾ?” ಅಂದಳು. ಇನ್ನೂ ಇಲ್ಲ ಅಂದೆ. ಆಮೇಲೆ ಆ ‘ಇನ್ನೂ ಇಲ್ಲ’ದೊಳಗೇ ಬದುಕಿದೆ. ನಾನೇ ಅಳಲಿಲ್ಲ, ನಿನ್ನ ಊರಿನವರು ಅಳಲಿಲ್ಲ ಅಂತ ನಿನಗೆ ಬೈದೆ. ತೂಕ ಕದಿಯಲು ತಟ್ಟೆಯ ಕೆಳಗೆ ಮೇಣ ಅಂಟಿಸುವ ವ್ಯಾಪಾರಿಗಳನ್ನು ಎಷ್ಟು ಜನರನ್ನು ಹಿಡಿದಿಲ್ಲ ನಾನು. ಈ ಸಲ ಮೇಣ ಅಂಟಿಸಿದ ಕೈ ನನ್ನದೇ ಅಂತ ಗೊತ್ತಾಗಲಿಲ್ಲ.

ಹೇಳಿದ್ದು ಹೀಗೆ. ಹೋದ ವಾರ ಸಂಜೆ ಅಂಗಡಿ ಮುಚ್ಚಿ ಬಂದೆ. ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ನಾನೂ ಕೂತೆ. ಕೊನೆಗೆ, “ಅಳಿಯನ ಮನೆ ಎದುರು ಒಂದು ಬೆಂಚಿದೆಯಂತೆ” ಅಂದೆ. ಬಸ್ಸು ಬಾರದ ಬೆಂಚು, ಸರದಿಯ ಹೆಂಗಸರು, ಮಳೆ, ಕೊಡೆ, ಎಲ್ಲ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

“ಪಾಪ, ಎಷ್ಟು ಒಳ್ಳೆಯವರು” ಅಂದಳು. ಆಮೇಲೆ, “ಅಲ್ಲಾ, ಅವರು ಬಂದು ಯಾಕೆ ಕಾಯ್ಬೇಕು ಇವನನ್ನ? ಗುಂಜಿ ಇಲ್ವಾ ಮನೇಲಿ?”

ನಾನು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟೆ.

“ಅವಳು ದೀಪ ಹಾಕಲ್ವಾ?”

ನಾನು ಅವಳ ಕಡೆ ತಿರುಗಿದೆ. ಅಷ್ಟೇ ಮಗನೇ ನಾನು ಹೇಳಿದ್ದು. ಮಿಕ್ಕದ್ದನ್ನು ಅವಳೇ ನನ್ನ ಮುಖದಲ್ಲಿ ಓದಿಕೊಂಡಳು.

ನಮ್ಮ ಕಡೆಯ ಅಳು ಜೋರು ಅಂತ ಜಂಬ ಕೊಚ್ಚಿದ್ದೆನಲ್ಲ, ನಿನ್ನ ಅತ್ತೆ ಒಂದು ಸದ್ದು ಮಾಡಲಿಲ್ಲ. ಒಳಗೆ ಹೋಗಿ, ಗುಂಜಿ ಬಂದರೆ ಹಾಸಲು ಅಂತ ಎತ್ತಿಟ್ಟಿದ್ದ ಚಾದರ ತೆಗೆದು, ಬಚ್ಚಲಲ್ಲಿ ಕೂತು ಕೈಯಲ್ಲಿ ಒಗೆಯತೊಡಗಿದಳು. ಕೊಳೆ ಇರಲಿಲ್ಲ ಅದರಲ್ಲಿ. ಆ ಇಸ್ತ್ರಿ ಹೆಂಗಸರ ಚಾದರದ ಸಂಗತಿ ನಾನು ಅವಳಿಗೆ ಯಾವತ್ತೂ ಹೇಳಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಆಗ ಅತ್ತುಬಿಟ್ಟೆ. ಕೂಲಿ ಕೆಲಸ ಅಂತ ಬರೆದಿದ್ದೆ ನಾನು ಆ ಮಗುವಿಗೆ. ಆ ಕಾಗದ ಅವಳ ಕೈ ಸೇರದೆ ಇದ್ದಿರಲಿ ದೇವರೇ.

ಬೀದಿಗೂ ತಿಳಿಯಿತು. ಪೇಪರ್ ಅಂಗಡಿಯವನು ಮೊದಲು ನನ್ನನ್ನು ಬಾಯಿಗೆ ಬಂದಂತೆ ಬೈದ. “ನಮ್ಮನ್ನ ಏನು ಅಂದ್ಕೊಂಡಿದ್ರಿ ಯಜಮಾನ್ರೇ, ಕಲ್ಲು ಅಂದ್ಕೊಂಡ್ರಾ?” ಅಂದವನು ಪೇಪರ್ ಕಟ್ಟುಗಳ ಮೇಲೆ ಕುಸಿದು ಕೂತು ಅತ್ತ. ಕೆಲವರು ಬಂದರು. ಕೆಲವರು ಬಂದು ಅಲ್ಲಿ ಆಸ್ಪತ್ರೆ ಹೇಗೆ, ಮನೆ ಎಷ್ಟು ದೊಡ್ಡದು ಅಂತ ಕೇಳಿ ಹೋದರು. ಪಕ್ಕದ ಮನೆಯವನು ಬರಲೇ ಇಲ್ಲ. ಬೆಳಿಗ್ಗೆ ನೋಡಿದರೆ ನಮ್ಮ ಬಾಗಿಲು ಯಾರೋ ಗುಡಿಸಿದ್ದರು. ಅವನೋ, ಇನ್ನಾರೋ. ನಾನು ಕೇಳಲು ಹೋಗಲಿಲ್ಲ. ಇನ್ನು ಇದನ್ನೆಲ್ಲ ತೂಗುವ ಚಪಲ ನನಗಿಲ್ಲ. ತಕ್ಕಡಿ ಎತ್ತಿ ಹಿಡಿದ ಕೈಯೇ ನಡುಗುವಾಗ ಮುಳ್ಳನ್ನು ನೋಡಬಾರದು.

ನಿನ್ನೆ ನಿನ್ನ ಅತ್ತೆ ಮೊದಲ ಸಲ ಮಾತಾಡಿದಳು.

“ಈಗ ಅವಳು ಎಲ್ಲಿದ್ದಾಳೆ?”

“ಕಿಟಕಿ ಹತ್ತಿರ, ಹಲಗೆ ಮೇಲೆ.”

“ಯಾವ ಕಿಟಕಿ?”

“ಬೆಂಚಿನ ಎದುರಿಗಿರೋದು.”

“ಹಾಗಾದ್ರೆ ಸದ್ಯಕ್ಕೆ ಅಲ್ಲೇ ಇರ್ಲಿ. ಜೊತೆಯವರ ಮುಖ ಕಾಣ್ತಿರುತ್ತೆ. ಅವನಿಗೆ ಬರಬೇಕು ಅನ್ಸಿದಾಗ ಇಬ್ರೂ ಒಟ್ಟಿಗೆ ಬರ್ಲಿ. ಅವಳನ್ನ ಮಾತ್ರ ಕರೆಸ್ಕೊಂಡು ಅವನನ್ನ ಒಂಟಿ ಮಾಡಬೇಡಿ.”

ಅದೇ ನನ್ನ ಮಾತೂ. ಅವಸರವಿಲ್ಲ.

ಸಂಜೆ ನಾವಿಬ್ಬರೂ ಮೆಟ್ಟಿಲ ಮೇಲೆ ಕೂರುತ್ತೇವೆ. ಈಗ ಪೋಸ್ಟಿನವನಿಗಲ್ಲ. ಇಲ್ಲಿ ಸಂಜೆಯಾದಾಗ ಅಲ್ಲಿ ಎಷ್ಟು ಹೊತ್ತೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೂ, “ದೀಪ ಹಾಕಿರ್ತಾನಾ?” ಅಂತ ಅವಳು ಕೇಳುತ್ತಾಳೆ. “ಹಾಕಿರ್ತಾನೆ” ಅನ್ನುತ್ತೇನೆ. ಆಮೇಲೆ ಒಳಗೆ ಎದ್ದು ಹೋಗುತ್ತೇವೆ.

ಕೆಲಸದಿಂದ ಬಂದ ಕೂಡಲೇ ದೀಪ ಹಾಕು ಮಗನೇ, ಕತ್ತಲಲ್ಲಿ ಕೂರಬೇಡ. ಬೆಂಚಿನ ಮೇಲಿರುವವರು ಮನೆಗೆ ಹೋಗಬೇಕಲ್ಲ.

ನಿನ್ನ ಮಾವ